ಕೆಂಪು ಗೆರೆ ದಾಟಿದ ತಂಬೂರಿ

ಅಂದು ಭಾನುವಾರ ಬೆಳಿಗ್ಗೆ ನಾನು ಮಕ್ಕಳ ಮೇಲೆ ರೇಗುತ್ತಿದ್ದೆ. ಅಮೆರಿಕದ ಏಪೆಕ್ಸ್‌ನಲ್ಲಿರುವ ಮಗಳ ಮನೆಯ ಮಹಡಿಯಲ್ಲಿ, ಇಲ್ಲಿನವರು ಬೋನಸ್ ರೂಮ್ ಎನ್ನುವ ಕೋಣೆಯಲ್ಲಿ, ಸುತ್ತಮುತ್ತಲ ಕನ್ನಡದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಈ ದೇಶದಲ್ಲಿ ನನ್ನದು ಅಂತ ಇರುವುದು ಅದೊಂದೇ. ಮಗಳದ್ದಲ್ಲ, ಅಳಿಯನದ್ದಲ್ಲ, ಮೈ ವೆರಿ ಓನ್.

"ಸ ನುಂಗಬೇಡಿ! ಮೊದಲನೇ ಸ್ವರವನ್ನೇ ನುಂಗಿದರೆ ಮುಂದೆ ಏನು ಹಾಡ್ತೀರಿ? ಓಪನ್ ಯುವರ್ ಮೌತ್ಸ್!"

ಮಕ್ಕಳು ಮತ್ತೆ ಹಾಡಿದರು. ನನಗೆ ಕೇಳಿಸಿದ್ದು ಸ ಇಲ್ಲದ ಬರೀ 'ಆ'. ಮತ್ತೆ ಹಾಡಿಸಿದೆ, ಮತ್ತೆ ರೇಗಿದೆ. ಎಲ್ಲರಿಗಿಂತ ಚಿಕ್ಕ ಹುಡುಗಿಯ ಕಣ್ಣು ತುಂಬಿಬಂತು. ಆಗ ನನ್ನ ಹನ್ನೊಂದು ವರ್ಷದ ಮೊಮ್ಮಗಳು ಎದ್ದು ಬಂದು ನನ್ನ ಮೊಣಕೈ ಹಿಡಿದಳು.

"ಅಜ್ಜಿ, ದೇ ಆರ್ ಸೇಯಿಂಗ್ ಇಟ್. ಎಲ್ಲರೂ ಹೇಳ್ತಿದಾರೆ. ನಿಂಗೆ ಕೇಳ್ತಿಲ್ಲ."

ನಾನ್ಸೆನ್ಸ್, ಎಂದೆ. ಬಾಗಿಲಲ್ಲಿ ಕಾಯುತ್ತಿದ್ದ ತಾಯಂದಿರು ಕಾರ್ಪೆಟ್ ನೋಡತೊಡಗಿದರು.

ನನ್ನ ಕಿವಿಯ ಬಗ್ಗೆ ನನಗಿದ್ದ ಜಂಬ ಸಣ್ಣದಲ್ಲ. ದಿನವೂ ಬೆಳಗಿನ ತಿಂಡಿಯಿಂದ ಊಟದ ಹೊತ್ತಿನವರೆಗೆ ಅದಕ್ಕೆ ಸಂಗೀತದ ಸೇವೆ ನಡೆಯುತ್ತಿತ್ತು. ಫೋನಿನಲ್ಲಿ ತಂಬೂರಿಯ ಆಪ್ ಒಂದಿದೆ. ಜೊತೆಗೆ ನನ್ನ ಗುರುಗಳ ವೀಣೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಮಗಳು ಅದೇ ಫೋನಿಗೆ ತುಂಬಿಕೊಟ್ಟಿದ್ದಳು. ಎಲ್ಲವನ್ನೂ ಇಯರ್‌ಫೋನ್ ಹಾಕಿಕೊಂಡೇ ಕೇಳುತ್ತಿದ್ದೆ. ಏಕೆಂದರೆ ಕೋವಿಡ್ ಶುರುವಾದಂದಿನಿಂದ ಅಳಿಯಂದಿರು ಪಕ್ಕದ ಕೋಣೆಯಲ್ಲೇ ಆಫೀಸು ಮಾಡುತ್ತಾರೆ. ಅಳಿಯನ ಮನೆಯಲ್ಲಿರುವ ಅತ್ತೆ ಸದ್ದು ಮಾಡಬಾರದು. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದಾದರೂ ವಾಪಸ್ ಕರೆಸಿ ಮೊದಲಿನಿಂದ ನಡೆಸುತ್ತಿದ್ದ ಕಾನ್ವೆಂಟಿನಲ್ಲಿ ಬೆಳೆದವಳು ನಾನು.

ಮೊದಲಿದ್ದ ಫೋನು ನನ್ನ ತಂಗಿಯ ಮಗಳು ಜರ್ಮನಿಯಿಂದ ತಂದುಕೊಟ್ಟದ್ದು. ಸದ್ದು ಒಂದು ಮಟ್ಟ ದಾಟಿದರೆ ಪರದೆಯ ಮೇಲಿನ ಸದ್ದಿನ ಗೆರೆ ಕೆಂಪಾಗುತ್ತಿತ್ತು. ಕಿವಿಗೆ ಹಾನಿಯಾದೀತು, ಮುಂದುವರಿಯಲೇ ಎಂದು ಕೇಳುತ್ತಿತ್ತು. ಹೂಂ ಅಂದು ಏರಿಸಿದರೂ ಇನ್ನೊಂದು ಹಂತದಲ್ಲಿ ನಿಂತುಬಿಡುತ್ತಿತ್ತು. "ಇದೇನೇ, ಫೋನೋ ಹಾಸ್ಟೆಲ್ ವಾರ್ಡನ್ನೋ?" ಎಂದು ಅವಳಿಗೆ ದೂರಿದ್ದೆ. ಆಮೇಲೆ ಅಳಿಯಂದಿರು ಇಲ್ಲಿಯದೇ ಹೊಸ ಫೋನು ಕೊಡಿಸಿದರು. ಅದು ನನ್ನನ್ನು ಏನೂ ಕೇಳಲಿಲ್ಲ. ಕೊನೆಯ ತನಕ ಏರಿಸಿದರೂ ಗಪ್‌ಚಿಪ್. ಫ್ರೀ ಕಂಟ್ರಿ ಅಂದರೆ ಇದು ಎಂದು ಹಿಗ್ಗಿದ್ದೆ.

ಮಗಳು ನನ್ನನ್ನು ರಾಲಿಗೆ, ಕಿವಿ ಪರೀಕ್ಷೆ ಮಾಡುವವರ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಾನು ಗುಂಡಿ ಹಿಡಿದು ಕಾದೆ. ಎಷ್ಟೋ ಹೊತ್ತು ಏನೂ ಬರಲೇ ಇಲ್ಲ. ಮೆಷೀನು ಕೆಟ್ಟಿರಬೇಕು ಅಂದುಕೊಂಡೆ.

ಗೂಡಿನಿಂದ ಹೊರಗೆ ಬಂದ ಮೇಲೆ ಪರೀಕ್ಷೆ ಮಾಡಿದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ಜೋರಾದ ಸಂಗೀತ ಕೇಳುವ ಅಭ್ಯಾಸವಿದೆಯೇ ಎಂದು ಕೇಳಿದಳು. ಮಗಳು ನಕ್ಕಳು. ನಾನೇ ಉತ್ತರ ಕೊಟ್ಟೆ: ಡ್ರಮ್ಸ್ ಇಲ್ಲ, ರಾಕ್ ಇಲ್ಲ, ಓನ್ಲಿ ಕ್ಲಾಸಿಕಲ್. ವೀಣೆ, ತಂಬೂರಿ. ದೇವರ ಮುಂದೆ ನುಡಿಸುವಂಥದ್ದು.

"ಹೇಗೆ ಕೇಳ್ತೀರಿ, ತೋರಿಸಿ," ಎಂದಳು ಇಂಗ್ಲಿಷಿನಲ್ಲಿ.

ಇಯರ್‌ಫೋನ್ ಹಾಕಿಕೊಂಡು, ದಿನಾ ಇಡುವಷ್ಟೇ ಸದ್ದು ಇಟ್ಟು ತೋರಿಸಿದೆ. ಅವಳು ಒಂದನ್ನು ತೆಗೆಸಿ ಮೇಜಿನ ಮೇಲಿಟ್ಟಳು. ಬಾಗಿಲ ಬಳಿ ಕೂತಿದ್ದ ಮಗಳ ಮುಖದ ನಗು ಹಾಗೇ ಇಳಿದುಹೋಯಿತು. ಅಷ್ಟು ದೂರಕ್ಕೆ ಗುರುಗಳ ವೀಣೆ ಕೇಳುತ್ತಿತ್ತಂತೆ.

"ಅಮ್ಮಾ! ಇದನ್ನ ಕಿವಿ ಒಳಗೆ ಇಟ್ಕೊಂಡಿದ್ಯಾ? ದಿನಾ?"

ಹಾಡು ಯಾವುದೆಂದು ಕಿವಿ ವಿಚಾರಿಸುವುದಿಲ್ಲ, ಎಷ್ಟು ಜೋರು ಎಂಬುದಷ್ಟೇ ಅದಕ್ಕೆ ಲೆಕ್ಕ, ಎಂದಳು ಆ ಹುಡುಗಿ. ಸ ಥರದ ತೆಳ್ಳನೆಯ, ಏರುದನಿಯ ಸದ್ದು ಸ್ವಲ್ಪ ವಯಸ್ಸಿನಿಂದ ಹೋಗಿದೆ, ಸ್ವಲ್ಪ ಇದರಿಂದ, ಹೋದದ್ದು ಬರುವುದಿಲ್ಲ. ಹೀಗೇ ನಡೆಸಿದರೆ ಮಕ್ಕಳ ದನಿಯೂ ಹೋಗುತ್ತದೆ.

ಮೇಜಿನ ಮೇಲಿದ್ದ ಇಯರ್‌ಫೋನು ಎತ್ತಿಕೊಂಡೆ. ಹಾಗಾದರೆ ಜರ್ಮನಿಯ ಆ ಹಳೇ ಫೋನು ಬೈಯುತ್ತಿತ್ತಲ್ಲ, ಇದು ಯಾಕೆ ಬೈಯಲಿಲ್ಲ, ಎಂದು ಕೇಳಿದೆ.

ಅಲ್ಲಿ ಕಾನೂನಿದೆ, ಎಂದಳು. ಯುರೋಪಿನಲ್ಲಿ ಮಾರುವ ಫೋನಿಗೆ ಸದ್ದಿನ ಮಿತಿ ಇರಲೇಬೇಕು, ಎಚ್ಚರಿಸಲೇಬೇಕು. ಇಲ್ಲಿ ಫೋನಿಗೆ ಅಂಥ ಕಾನೂನಿಲ್ಲ. ಕಾರ್ಖಾನೆಯಲ್ಲಿ ದುಡಿಯುವವರಿಗಾದರೆ ಉಂಟು.

ನಾನು ಬೆಪ್ಪಾದೆ. ಕಾಫಿ ಲೋಟದ ಮೇಲೆ ಬಿಸಿಯಿದೆ ಜೋಕೆ ಎಂದು ಬರೆಯುವ ದೇಶ ಇದು. ಏಣಿಯ ಮೆಟ್ಟಿಲ ಮೇಲೆ, ಕೂದಲು ಒಣಗಿಸುವ ಯಂತ್ರದ ಬಾಲದ ಮೇಲೆ, ಎಲ್ಲೆಲ್ಲೂ ಎಚ್ಚರಿಕೆ. ಮೊಮ್ಮಗಳು ಚಿಕ್ಕವಳಿದ್ದಾಗ ಮಕ್ಕಳ ಸೀಟಿಲ್ಲದೆ ಕಾರಿನಲ್ಲಿ ಕೂರಿಸಿದರೆ ಪೊಲೀಸರು ಹಿಡಿಯುತ್ತಾರೆಂದು ನನ್ನನ್ನು ಹೆದರಿಸಿದ್ದರು. ನನ್ನ ಕಿವಿಗೆ ಮಾತ್ರ ಒಂದು ಚೀಟಿಯೂ ಇರಲಿಲ್ಲ. ಇದ್ದ ಒಬ್ಬ ವಾರ್ಡನ್ನನ್ನು ನಾನೇ ಓಡಿಸಿದ್ದೆ.

ಮನೆಯಲ್ಲಿ ಅಳಿಯಂದಿರು ಎಲ್ಲ ಕೇಳಿಸಿಕೊಂಡು, "ಅತ್ತೆ, ನೀವು ಸ್ಪೀಕರ್‌ನಲ್ಲೇ ಹಾಕ್ಬಹುದಿತ್ತಲ್ಲ?" ಎಂದರು.

"ನಿಮ್ಮ ಮೀಟಿಂಗಿಗೆ ಡಿಸ್ಟರ್ಬ್ ಆಗಬಾರದು ಅಂತ."

"ನಾನು ದಿನವಿಡೀ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀನಿ ಅತ್ತೆ. ಮನೆ ಮೇಲೆ ಮರ ಬಿದ್ರೂ ನಂಗೆ ಗೊತ್ತಾಗಲ್ಲ!"

ಇಷ್ಟು ವರ್ಷದ ನನ್ನ ಸಭ್ಯತೆ ಯಾರಿಗೂ ಬೇಕಾಗಿರಲಿಲ್ಲ.

ಮೊಮ್ಮಗಳು ಅಷ್ಟರಲ್ಲೇ ನನ್ನ ಫೋನು ಕಿತ್ತುಕೊಂಡು ಏನೋ ಒತ್ತುತ್ತಿದ್ದಳು. "ಅಜ್ಜಿ, ಲಿಮಿಟ್ ಹಾಕಿದೀನಿ. ಪಾಸ್‌ಕೋಡ್ ಹೇಳಲ್ಲ."

"ಇಲ್ಲಿ ಕಾನೂನಿಲ್ಲವಂತೆ ಕಣೇ."

"ನೌ ದೇರ್ ಈಸ್."

ಮರುದಿನ ಅವಳು ಹಾಕಿದ ಮಿತಿಯಲ್ಲಿ ಗುರುಗಳ ವೀಣೆ ಕೇಳಿದೆ. ನಿಜವಾದ ಶಾಕ್ ನನಗೆ ಆಗಿದ್ದು ಆಗ. ತಂತಿಗೆ ಉಗುರು ತಾಗುವ ಆ ಚಿಕ್ಕ ಸದ್ದು ಇಲ್ಲ. ತಂಬೂರಿಯ ಮೇಲೆ ತೇಲುವ ಝೇಂಕಾರ ಇಲ್ಲ. ಯಾರೋ ವೀಣೆಗೆ ಕಂಬಳಿ ಹೊದಿಸಿಟ್ಟಂತೆ. ಸದ್ದು ಏರಿಸಿ ಏರಿಸಿ ನಾನು ಮುಚ್ಚಿಟ್ಟುಕೊಂಡಿದ್ದು ಇದನ್ನೇ. ಕಾನ್ವೆಂಟಿನ ಕಾಯರ್‌ನಲ್ಲಿ ನಾವು ಕಿರುಚಿದರೆ ಮದರ್ ಮೆಲ್ಲಗೆ ಹೇಳುತ್ತಿದ್ದರು, ಸಾಫ್ಟ್ಲಿ ಗರ್ಲ್ಸ್, ಗಾಡ್ ಈಸ್ ನಾಟ್ ಡೆಫ್. ದೇವರ ಕಿವಿಗೆ ಏನೂ ಆಗಿರಲಿಲ್ಲ, ಸರಿ.

ಮುಂದಿನ ಭಾನುವಾರ, ಇನ್ನು ಪಾಠ ನಿಲ್ಲಿಸುತ್ತೇನೆಂದು ಹೇಳಲು ತಾಯಂದಿರನ್ನೂ ಒಳಗೆ ಕರೆದೆ. ಕಿವಿಯ ಸಂಗತಿಯನ್ನೆಲ್ಲ ಹೇಳಿ ಮುಗಿಸಿದೆ. ಅಂದು ಅತ್ತಿದ್ದ ಹುಡುಗಿಯ ತಾಯಿ, "ಆಂಟಿ, ಅವಳು ವಾರವೆಲ್ಲ ಪ್ರಾಕ್ಟೀಸ್ ಮಾಡಿದಾಳೆ. ಒಂದ್ಸಲ ಕೇಳಿಬಿಡಿ," ಎಂದಳು.

ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು. ಹುಡುಗಿ ಹಾಡಿದಳು. ನಾನು ಅವಳ ತುಟಿ, ಬಾಯಿ ನೋಡುತ್ತಿದ್ದೆ. ಸ ಬರಲಿಲ್ಲ. ಹೆದರಿ ಮೊಮ್ಮಗಳ ಮುಖ ನೋಡಿದೆ.

ಅವಳು ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಅದು ಅವಳ ಹಲ್ಲು, ಅಜ್ಜಿ. ಮೊನ್ನೆ ಫ್ರಂಟ್ ಟೀತ್ ಬಿದ್ದೋಗಿದೆ. ನಿನ್ನ ಕಿವಿ ಅಲ್ಲ."

"ಇನ್ನೊಂದು ಸಲ ಹಾಡಮ್ಮ," ಎಂದೆ ಹುಡುಗಿಗೆ. "ಮೆಲ್ಲಗೆ."