ಕ್ವಾರಿಯ ಆಚೆ ದಡದ ಕೂಗು

ಬೆಟ್ಟದ ಓಟದವರು ಅವಳಿಗೆ ಇಟ್ಟಿದ್ದ ಹೆಸರು ‘ಬಾಲ’. ಅವಳಿಗೇನೂ ಬೇಸರವಿರಲಿಲ್ಲ. ವರ್ಷವಿಡೀ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂರುವ ಹೆಂಗಸಿಗೆ ಬೆಟ್ಟದಲ್ಲೊಂದು ಹುದ್ದೆ ಸಿಕ್ಕಿದ್ದೇ ಹೆಚ್ಚು. ಹುದ್ದೆ ಅಂದರೆ ಇಷ್ಟೇ: ಎಲ್ಲರಿಗಿಂತ ಹಿಂದೆ ಓಡುವುದು, ದಾರಿ ತೋರಿಸಲು ಗಿಡಗಳಿಗೆ ಕಟ್ಟಿದ ಕೆಂಪು ರಿಬ್ಬನ್ನುಗಳನ್ನು ಬಿಚ್ಚಿ ಚೀಲಕ್ಕೆ ತುಂಬುತ್ತ ಬರುವುದು. ಕಾಡಿನಲ್ಲಿ ಕಸ ಉಳಿಯಬಾರದಲ್ಲ. ಅದಕ್ಕೊಂದೇ ಕಟ್ಟಳೆ. ಕೊನೆಯ ಓಟಗಾರನ ಬೆನ್ನು ಕಾಣದೆ ರಿಬ್ಬನ್ ಮುಟ್ಟುವಂತಿಲ್ಲ.

ಈ ಸಲ ಆ ಬೆನ್ನು ಅಕ್ಕನ ಗಂಡನದು. ಬಸ್ ಓಡಿಸಿ ಓಡಿಸಿ ಹೊಟ್ಟೆ ಬೆಳೆಸಿದ್ದ ಭಾವನನ್ನು ಕಾಡಿ ಬೇಡಿ ಎಳೆದು ತಂದವಳು ಇವಳೇ. "ಕೂತಲ್ಲೇ ಊರೆಲ್ಲ ಸುತ್ತೋರು ನೀವು, ಒಂದಿನ ಕಾಲಲ್ಲೂ ಸುತ್ತಿ ನೋಡಿ" ಅಂದಿದ್ದಳು.

ಬೆಳಿಗ್ಗೆಯಿಂದಲೇ ದಿನ ಸರಿಯಿರಲಿಲ್ಲ. ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಡುವೆ ಬಿಟ್ಟು ಬಿಡೋಣವೆಂದರೆ ಬಾಲವೇ ಓಟ ಬಿಟ್ಟಿತು ಅಂತ ನಗೆಪಾಟಲು. ಇಂಥ ದಿನಕ್ಕೆ ಅವಳದೊಂದು ಉಪಾಯವಿತ್ತು. ತಲೆ ತಗ್ಗಿಸಿ ಮುಂದಿನ ರಿಬ್ಬನ್ ಒಂದನ್ನೇ ನೋಡುವುದು, ಬಿಚ್ಚಿದ ಮೇಲೆ ಅದರ ಮುಂದಿನದು. ಉದ್ದದ ಅಂಚು ಹೊಲಿಯುವಾಗ ಸೂಜಿಯ ಕೆಳಗಿನ ಬಟ್ಟೆಯನ್ನಷ್ಟೇ ನೋಡುವ ಹಾಗೆ. ಹೊಲಿಗೆಗೆ ಸರಿಯಾದ ಬುದ್ಧಿಯೇ, ಬೆಟ್ಟಕ್ಕಲ್ಲ. ಮಂಜು ಇಳಿದದ್ದೂ ಅವಳಿಗೆ ತಡವಾಗಿ ಗೊತ್ತಾಯಿತು.

ಹಳೆಯ ಕಲ್ಲು ಕ್ವಾರಿಯನ್ನು ಬಳಸಿಕೊಂಡು ಓಟಗಾರರ ನೀರಿನ ಮೇಜಿನ ಹತ್ತಿರ ಬಂದಾಗ, ನೀರು ಕೊಡಲು ಅಲ್ಲಿ ನಿಂತಿದ್ದ ಊರಿನ ಔಷಧಿ ಅಂಗಡಿಯವನು ಕೇಳಿದ. "ನಿಮ್ಮ ಭಾವ ಎಲ್ಲಿ?"

"ಮುಂದೆ ಹೋದ್ರಲ್ಲ."

"ಇಲ್ಲಿಗೆ ಬಂದೇ ಇಲ್ಲ."

ಅವಳಿಗೆ ತಟ್ಟನೆ ಹೊಳೆಯಿತು. ಭಾವ ಎಲ್ಲೋ ಪೊದೆಯ ಮರೆಗೆ ಹೋಗಿದ್ದಾರೆ, ಇವಳು ದಾಟಿ ಬಂದಿದ್ದಾಳೆ. ಅವರು ನಡೆಯಬೇಕಾದ ದಾರಿಯೆಲ್ಲ ಇವಳ ಚೀಲದಲ್ಲಿದೆ. ತಳದಲ್ಲಿ ನೀರು ನಿಂತ ಆ ಕ್ವಾರಿಗೆ ಬೇಲಿಯೂ ಇಲ್ಲ. ಅಂಗಡಿಯವನು ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ "ತಡೀರಿ, ಜನ ಕರೀತೀನಿ" ಅನ್ನುವಷ್ಟರಲ್ಲಿ ಅವಳು ಬಂದ ದಾರಿಯಲ್ಲೇ ಓಡುತ್ತಿದ್ದಳು.

ಕ್ವಾರಿಯ ಈಚೆ ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು. ಮಂಜಿನೊಳಗಿಂದ ಉತ್ತರ ಬಂತು.

"ಬಂದೆ, ಬಂದೆ. ಎಲ್ಲಿದೀಯ ಪುಟ್ಟಿ?"

ಹೋದ ಜೀವ ಬಂದಂತಾಯಿತು. ಮತ್ತೆ ಕೂಗಿದಳು. ದನಿ ಹತ್ತಿರವಾಯಿತು, ನೇರ ಎದುರಿನಿಂದ. ಆಗ ಅವಳಿಗೆ ಅರ್ಥವಾಯಿತು. ದಾರಿಯೇನೋ ಕ್ವಾರಿಯನ್ನು ಸುತ್ತಿ ಬರುತ್ತದೆ. ಭಾವ ಅವಳ ದನಿ ಹಿಡಿದು ನೇರವಾಗಿ ಬರುತ್ತಿದ್ದರು.

"ಅಲ್ಲೇ ನಿಲ್ಲಿ, ಮುಂದೆ ಗುಂಡಿ ಇದೆ" ಅಂತ ಚೀರಿದಳು. ಗಾಳಿ ಅವಳ ಮುಖಕ್ಕೇ ಹೊಡೆಯುತ್ತಿತ್ತು.

"ಏನಂದೆ? ಸರಿಯಾಗಿ ಕೇಳಿಸ್ತಿಲ್ಲ. ಕೂಗ್ತಾ ಇರು, ಆ ಕಡೆಗೇ ಬರ್ತೀನಿ."

ಅವಳು ಬಾಯಿ ಮುಚ್ಚಿಕೊಂಡಳು. ದನಿ ನಿಂತರೆ ನಿಲ್ಲುತ್ತಾರೆ ಅಂತ ಅವಳ ಲೆಕ್ಕ. ನಿಲ್ಲದಿದ್ದರೆ ಏನು ಅಂತ ಯೋಚಿಸುವ ಧೈರ್ಯವಿರಲಿಲ್ಲ. ಅಂಚು ಬಿಟ್ಟು ಹಿಂದೆ ಸರಿದು, ಕ್ವಾರಿಯನ್ನು ಸುತ್ತಿ ಓಡತೊಡಗಿದಳು.

"ಪುಟ್ಟೀ..."

ಅವಳು ಉತ್ತರಿಸಲಿಲ್ಲ. ಅಕ್ಕನ ಮದುವೆಯಾದಾಗ ಇವಳಿನ್ನೂ ಎರಡು ಜಡೆಯ ಹುಡುಗಿ. ಅಂದಿನಿಂದ ಅವರು ಕರೆದಾಗ ಓಗೊಡದೆ ಇದ್ದದ್ದೇ ಇಲ್ಲ. ಆಚೆಯ ದನಿಯಲ್ಲಿ ಮೊದಲು ಸಿಟ್ಟು ಕೇಳಿಸಿತು, ಆಮೇಲೆ ಅಂಗಲಾಚುವಿಕೆ. "ಏನಾಯ್ತೇ ನಿಂಗೆ? ಮಾತಾಡೇ." ಸೆರಗಿಲ್ಲದ ಓಟದ ಅಂಗಿಯ ತೋಳನ್ನೇ ಹಲ್ಲಿಗೆ ಕಚ್ಚಿಕೊಂಡು ಓಡಿದಳು.

ಆಮೇಲೆ ಆ ಕಡೆಯ ದನಿಯೂ ನಿಂತುಹೋಯಿತು.

ಕಲ್ಲೊಂದು ಉರುಳಿದ ಸದ್ದು ಕೇಳಿಸಿತು. ಕೆಳಗೆ ನೀರಿಗೆ ಏನೋ ಬಿದ್ದಂತೆ ಕೇಳಿಸಿತು. ಅವಳು ಎಡವಿದಳು, ಎದ್ದಳು, ಮಂಡಿ ಒಡೆದದ್ದು ತಿಳಿಯಲಿಲ್ಲ. ಬದುಕಿಡೀ ಅವಳು ಅಷ್ಟು ಹೆದರಿದ್ದಿಲ್ಲ.

ಭಾವ ಅಂಚಿಗೆ ಬಹಳ ಹತ್ತಿರದಲ್ಲಿ ಕೂತಿದ್ದರು. ಮಂಡಿಗಳ ಮೇಲೆ ಕೈ, ಕೈಗಳ ನಡುವೆ ಮುಖ. ಅವಳು ಹಿಂದಿನಿಂದ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆಚ್ಚಿಬಿದ್ದು ತಿರುಗಿದರು. ಮುಖವೆಲ್ಲ ಒದ್ದೆಯಾಗಿತ್ತು.

"ನೀನು ಎಲ್ಲೋ ಬಿದ್ದುಬಿಟ್ಟೆ ಅಂದ್ಕೊಂಡೆ" ಅಂದರು. "ನಿಮ್ಮಕ್ಕಂಗೆ ಏನಂತ ಹೇಳ್ಲಿ ಅಂತ ಯೋಚಿಸ್ತಾ ಕೂತಿದ್ದೆ."