ಮೊಪೆಡ್ಡಿನ ಎಡಗಡೆಯ ಕುರ್ಚಿ

ನನ್ನ ಗಂಡನಿಗೆ ಲಕ್ವ ಹೊಡೆದದ್ದು ಬಲಗೈಗೆ, ಬಲಗಾಲಿಗೆ, ಅರ್ಧ ನಾಲಿಗೆಗೆ. ಕಿವಿಗಲ್ಲ, ಬುದ್ಧಿಗಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಆದರೂ ನೋಡಲು ಬಂದವರೆಲ್ಲ ಅವರ ಮಂಚದ ಪಕ್ಕದಲ್ಲೇ ಕೂತು, ಅವರ ಮುಖವನ್ನೇ ನೋಡುತ್ತಾ, ನನ್ನನ್ನು ಕೇಳುವರು: "ಊಟ ಮಾಡ್ತಾರಾ? ಗುರ್ತು ಹಿಡೀತಾರಾ?" ಗುರುತು ಹಿಡಿಯುತ್ತಿದ್ದರು, ಚೆನ್ನಾಗಿಯೇ ಹಿಡಿಯುತ್ತಿದ್ದರು. ನೋಡಲು ಬಂದವರು ತಂದ ಬಾಳೆಹಣ್ಣು ನೆನ್ನೆ ಮೊನ್ನೆಯದು ಅನ್ನುವುದನ್ನೂ ಹಿಡಿಯುತ್ತಿದ್ದರು.

ಅವರ ಬಾಯಿಂದ ಮೊದಲು ಸ್ಪಷ್ಟವಾಗಿ ಬಂದ ಮಾತು "ತೋಟ". ನನ್ನ ಹೆಸರಲ್ಲ, ಇರಲಿ, ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು. ಕಾಯಿ ಕೆಡವುವ ದಿನ ಮರದ ಬುಡದಲ್ಲಿ ನಿಂತು, ಯಾವ ಗೊನೆ ಇಳಿಸಬೇಕು, ಯಾವುದನ್ನು ಇನ್ನೂ ಬಲಿಯಲು ಬಿಡಬೇಕು, ಯಾವ ಕಾಯಿ ಕೊಬ್ಬರಿಗೆಂದು ಅಟ್ಟಕ್ಕೆ ಹೋಗಬೇಕು ಎಂದು ಹೇಳದೆ ಅವರು ಒಂದು ಫಸಲನ್ನೂ ಬಿಟ್ಟವರಲ್ಲ. ಈಗ ಮೈದುನನೇ ಎಲ್ಲ ನೋಡಿಕೊಳ್ಳುತ್ತಿದ್ದ. ಅಣ್ಣನಿಗೆ ತೋಟ ನೋಡುವ ಆಸೆ ಕಣಪ್ಪ ಎಂದರೆ, "ಫೋನಲ್ಲಿ ವೀಡಿಯೋ ಹಿಡ್ಕೊಂಡ್ ಬತ್ತೀನಿ ಬುಡು ಅತ್ತಿಗೆ, ಮನ್ಗಿದ್ದಂಗೇ ನೋಡ್ಲಿ" ಎಂದ. ತಾನೇ ಗುಂಡಿ ತೋಡಿ, ತಾನೇ ನೀರು ಹೊತ್ತು ಬೆಳೆಸಿದ ಮರವನ್ನು ಮನುಷ್ಯ ಫೋನಿನಲ್ಲಿ ನೋಡಬೇಕಂತೆ!

ಆಟೋದಲ್ಲಿ ಒಂದು ಸಲ ಹೊರಟೆವು. ಹಳ್ಳ ಬಂದಾಗಲೆಲ್ಲ ಇವರು ಬಲಕ್ಕೆ ಜಾರಿ ಜಾರಿ ನನ್ನ ಮೇಲೆ ಬಿದ್ದರು. ತೋಟದ ಮಣ್ಣುದಾರಿಗೆ ಇಳಿಯುವ ಮೊದಲೇ ಆಟೋದವನು ಕೈಯಾಡಿಸಿ, ಇಲ್ಲಿಗೇ ಸಾಕು ಎಂದ. ಇನ್ನು ಬೈಕಿನ ಹಿಂದೆ ಕಾಲು ಎತ್ತಿ ಹಾಕುವ ಶಕ್ತಿ ಅವರಿಗಿಲ್ಲ. ಎತ್ತಿನ ಗಾಡಿ ಎಂದೋ ಸೌದೆಯಾಗಿತ್ತು. ಉಳಿದದ್ದು ನನ್ನ ಮೊಪೆಡ್ಡು.

ಪೆಡಲ್ ತುಳಿದು ಸ್ಟಾರ್ಟ್ ಮಾಡುವ, ಸೈಕಲ್ಲಿಗೆ ಅಣ್ಣ, ಬೈಕಿಗೆ ತಮ್ಮ ಅನ್ನುವಂಥ ಹಳೇ ಗಾಡಿ. ನಾನು ಸರ್ಕಾರಿ ನರ್ಸಮ್ಮ ಆಗಿದ್ದಾಗ ಲಸಿಕೆಯ ಐಸ್ ಡಬ್ಬ ಕಟ್ಟಿಕೊಂಡು ತುರುವೇಕೆರೆಯ ಕಡೆಯ ಹಳ್ಳಿ ಹಳ್ಳಿ ಸುತ್ತಿದ್ದು ಅದರಲ್ಲೇ. ಆಗ "ನರ್ಸಮ್ಮ ಬಂದ್ರು, ದಾರಿ ಬುಡ್ರೋ" ಅನ್ನುತ್ತಿದ್ದ ಊರು, ಅದೇ ಗಾಡಿಯಲ್ಲಿ ಗಂಡನನ್ನು ಕೂರಿಸಿಕೊಂಡು ಹೋಗುತ್ತೇನೆ ಎಂದ ಕೂಡಲೇ ಮೂಗಿನ ಮೇಲೆ ಬೆರಳಿಟ್ಟಿತು. ಯಾರೋ ಗಂಡಸರು ಮೂರು ಮೂಟೆ ಕಾಯಿ ಹೇರಿಕೊಂಡು, ಮೂಟೆಯ ಮೇಲೆ ಹೆಂಡತಿಯನ್ನೂ ಕೂರಿಸಿಕೊಂಡು ಹೋದರೆ ಯಾವನ ಕಣ್ಣಿಗೂ ಚುಚ್ಚುವುದಿಲ್ಲ.

ಮೊಪೆಡ್ಡಿನ ಎಡಪಕ್ಕಕ್ಕೆ ಚಕ್ರವಿರುವ ಒಂದು ಕುರ್ಚಿ, ಅಂದರೆ ಸೈಡ್‌ಕಾರು, ಕಟ್ಟಿಸುವುದೆಂದು ತೀರ್ಮಾನಿಸಿ ಅದರ ಲೆಕ್ಕವನ್ನೆಲ್ಲ ನಾನೇ ಹಾಕಿದೆ. ತೋಟದ ದಾರಿಯಲ್ಲಿ ಹಿಂದಿನ ಎತ್ತಿನ ಗಾಡಿಗಳ ಜಾಡು ಇನ್ನೂ ಇದೆ. ಮೊಪೆಡ್ಡು ಒಂದು ಜಾಡಿನಲ್ಲಿ ಹೋದರೆ ಪಕ್ಕದ ಚಕ್ರ ಇನ್ನೊಂದು ಜಾಡಿನಲ್ಲಿ ಕೂರಬೇಕು. ಇಲ್ಲದಿದ್ದರೆ ಕುರ್ಚಿ ವಾಲುತ್ತದೆ. ಹಗ್ಗ ಹಿಡಿದು ಜಾಡಿನ ಅಗಲ ಅಳೆದುಕೊಂಡು ಬಂದೆ. ಹಳೇ ಕಬ್ಬಿಣದ ಮಂಚದ ಪೈಪುಗಳೇ ಚೌಕಟ್ಟು, ಮೂಲೆ ಹಿಡಿದಿದ್ದ ಸೈಕಲ್ಲಿನದೇ ಚಕ್ರ. ಕೂರುವ ಜಾಗಕ್ಕೆ ಹೆಣೆಯಲೆಂದು ನಾರಿನ ಹಗ್ಗವನ್ನು ಬಿಗಿಯಾಗಿ ಹುರಿ ಮಾಡಿಟ್ಟೆ. ಅವರ ಗಟ್ಟಿಯಿರುವ ಎಡಗೈಗೆ ಸಿಕ್ಕುವಂತೆ ಒಂದು ಹಿಡಿ ಬೇಕೆಂದು ಚಿತ್ರ ಬರೆದು, ಎಲ್ಲವನ್ನೂ ತಿಪಟೂರಿನ ಒಬ್ಬ ವೆಲ್ಡಿಂಗಿನವನಿಗೆ ಕೊಟ್ಟು ಬಂದೆ.

ತರಲು ಹೋದಾಗ ನೋಡುತ್ತೇನೆ, ಕುರ್ಚಿ ರಸ್ತೆಯ ಅಂಚಿಗೆ ಮುಖ ಮಾಡಿ ಅಡ್ಡಡ್ಡ ಕೂತಿದೆ! ಕಾಲಿಡಲು ಪಟ್ಟಿ, ಅದರ ಮೇಲೆ ಸೀರೆ ಸಿಕ್ಕದಂತೆ ಜಾಲರಿ ಬೇರೆ.

"ಇದೇನಪ್ಪ?" ಎಂದೆ.

"ಹೆಂಗಸ್ರು ಒಂದೇ ಕಡೆ ಕಾಲಾಕ್ಕೊಂಡಲ್ವಾ ಕೂರೋದು ಅಕ್ಕ. ಅದ್ಕೇ ಅಂಗ್ ಮಾಡ್ದೆ."

"ನಾನಲ್ಲ ಕೂರೋದು, ನಮ್ಮನೆಯವ್ರು."

"ಮತ್ತೆ ಓಡ್ಸೋರು?"

"ನಾನೇ ಕಣಪ್ಪ."

ಅವನು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. ಚಿತ್ರದಲ್ಲಿ ನಾನು ಕುರ್ಚಿಯ ಮುಖ ಮುಂದಕ್ಕೇ ಬರೆದಿದ್ದೆ. ನಾನು ತಪ್ಪು ಬರೆದಿರಬೇಕೆಂದು ಅವನೇ ತಿದ್ದಿದ್ದನಂತೆ! ಎಂಥ ಉಪಕಾರ! "ಜನ ಏನಂತಾರೆ ಅಕ್ಕ" ಎಂದು ರಾಗ ಎಳೆದ. "ನೀನು ವೆಲ್ಡಿಂಗ್ ಗಟ್ಟಿಯಾಗ್ ಮಾಡು, ಜನದ ಬಾಯಿ ನಂಗ್ ಬುಡು" ಎಂದು, ಅವನು ಕುರ್ಚಿ ಕಿತ್ತು ಮುಂದಕ್ಕೆ ತಿರುಗಿಸುವವರೆಗೂ ಅಲ್ಲೇ ಸ್ಟೂಲು ಹಾಕಿಕೊಂಡು ಕೂತೆ.

ಗಾಡಿ ಮನೆಗೆ ಬಂದಾಗ ಮೈದುನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಅಣ್ಣಂಗೆ ತೊಟ್ಲು ಕಟ್ಸಿದೀಯಲ್ಲ ಅತ್ತಿಗೆ" ಎಂದು ನಕ್ಕ. ಸಾಲದ್ದಕ್ಕೆ, "ಕುಂಟನಿಗೆ ಎಂಟು ಚೇಷ್ಟೆ ಅಂತಾರಲ್ಲ, ಸುಮ್ಕೆ ಅಂತಾರಾ" ಎಂದೂ ಸೇರಿಸಿದ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಅವನ ಅಣ್ಣನಿಗೆ ಅದು ಕೇಳಿಸಿತು. ನನ್ನ ಮೈಯೆಲ್ಲ ಉರಿದುಹೋಯಿತು. "ನಾಳೆ ಕಾಯಿ ಕೀಳೋರ್ನ ಕರಸು. ಯಜಮಾನ ಬತ್ತಾರೆ ತೋಟಕ್ಕೆ" ಎಂದಷ್ಟೇ ಹೇಳಿದೆ. ಇನ್ನೊಂದು ಮಾತು ಆಡಿದ್ದರೆ ಕೈಯಲ್ಲಿದ್ದ ಸ್ಪ್ಯಾನರು ಅವನ ತಲೆಗೆ ಹೋಗುತ್ತಿತ್ತು.

ಬೆಳಿಗ್ಗೆ ಹೊರಟೆವು. ಖಾಲಿ ಇದ್ದಾಗ ಎಡಕ್ಕೆ ಎಳೆಯುತ್ತಿದ್ದ ಗಾಡಿ ಅವರು ಕೂತ ಮೇಲೆ ನೆಟ್ಟಗಾಯಿತು ಎಂದು ಹೇಳಿದರೆ ಸುಳ್ಳು. ಇನ್ನೂ ಹೆಚ್ಚು ಎಳೆಯಿತು. ಹ್ಯಾಂಡಲ್ ಬಲಕ್ಕೆ ಒತ್ತಿ ಒತ್ತಿ ನನ್ನ ತೋಳು ಬಿದ್ದುಹೋಗುವಂತಾಯಿತು. ಏರಿನಲ್ಲಿ ಪೆಡಲೂ ತುಳಿದೆ. ಆದರೆ ಅವರು ಜಾರಲಿಲ್ಲ. ಎಡಗೈಯಲ್ಲಿ ಹಿಡಿ ಹಿಡಿದು, ಗಾಳಿಗೆ ಮುಖ ಕೊಟ್ಟು, ಹೊಲ ಮನೆ ನೋಡುತ್ತಾ ಬಂದರು. ನನಗೆ ಅಳು ಬಂತು, ಧೂಳೆಂದು ಕಣ್ಣೊರೆಸಿಕೊಂಡೆ.

ಕಿಬ್ಬನಹಳ್ಳಿಯ ಅಂಗಡಿಸಾಲು ಹತ್ತಿರವಾಗುತ್ತಿದ್ದಂತೆ ಅವರು ಹಿಡಿ ಬಿಟ್ಟು, ಹೆಗಲ ಮೇಲಿದ್ದ ಟವೆಲು ಎಳೆದು ಮುಖ ಮುಚ್ಚಿಕೊಂಡರು. ಎಷ್ಟು ವರ್ಷ ನಾನು ಇವರ ಹಿಂದೆ ಕೂತು ಇದೇ ಅಂಗಡಿಗಳ ಮುಂದೆ ಹೋಗಿಲ್ಲ? ಒಂದು ದಿನ ಮುಖ ಮುಚ್ಚಿಕೊಂಡೆನೇ? ಟೀ ಅಂಗಡಿಯ ಎದುರೇ, ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ.

"ಹೆಂಡ್ತಿ ಗಾಡೀಲಿ ಕೂರಕ್ಕೆ ನಾಚ್ಕೆ ಏನ್ರೀ ನಿಮ್ಗೂ? ತೆಗೀರಿ ಟವೆಲ್ಲ!"

ಟವೆಲಿನೊಳಗಿಂದ ಅವರ ಅರ್ಧ ನಾಲಿಗೆಯ ಮಾತು ಬಂತು. "ನಾಚ್ಕೆ... ಅಲ್ಲ ಕಣೇ. ಅವ್ನು ಬತ್ತಾನೆ... ನಿನ್ನೇ ಕೇಳ್ತಾನೆ... ನನ್ ವಿಷ್ಯ. ನಾನಿಲ್ವೇನೋ... ಅನ್ನಂಗೆ."

ಅಷ್ಟರಲ್ಲಿ ಟೀ ಅಂಗಡಿಯವನು ಬಂದೇ ಬಿಟ್ಟ. ಇವರ ಬಾಲ್ಯದ ಗೆಳೆಯ. ಕುರ್ಚಿಯನ್ನು ದಾಟಿ ನನ್ನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ಹೆಂಗವ್ನೆ ನರ್ಸಮ್ಮ?" ಎಂದ.

ನಾನು ಕುರ್ಚಿಯ ಕಡೆ ಬೆರಳು ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ. "ಅಲ್ಲೇ ಅವ್ರಲ್ಲ, ಅವ್ರನ್ನೇ ಕೇಳಪ್ಪ" ಎಂದು ಗದರಿದೆ. ಅವನು ಪೆಚ್ಚಾಗಿ ಹಿಂದಿರುಗಿ, ಮಂಡಿಯೂರಿ, "ಹೆಂಗಿದೀಯ್ಲಾ?" ಎಂದ.

ಟವೆಲು ಕೆಳಗಿಳಿಯಿತು. ಇವರು ಬಾಯಿ ಸೊಟ್ಟ ಮಾಡಿ, ಉಗುಳು ನುಂಗಿ, ಮಾತು ಹುಡುಕತೊಡಗಿದರು. ಹಿಂದೆ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಡ್ರೈವರ್ ತಲೆ ಹೊರಗೆ ಹಾಕಿ, "ಏನಮ್ಮ, ರೋಡೇನ್ ನಿಮ್ಮಪ್ಪಂದಾ?" ಎಂದು ಕೂಗಿದ.

"ನಮ್ಮನೆಯವ್ರು ಮಾತಾಡ್ತಾವ್ರೆ, ತಡ್ಕಳಪ್ಪ!" ಎಂದೆ.

"ಚೆನ್ನಾಗಿ... ಇದೀನ್ ಕಣ್ಲಾ" ಎಂದರು ಇವರು. "ಕಾಯಿ... ಕೀಳ್ಸಕ್ಕೆ... ಹೋಯ್ತಿದೀನಿ. ನಿನ್..." ಎಂದು ಟೀ ಅಂಗಡಿಯ ಕಡೆ ಕೈ ಎತ್ತಿ ಮತ್ತೆ ತಡವರಿಸಿದರು.

ಬಸ್ಸು ಇನ್ನೂ ಜೋರಾಗಿ ಹಾರ್ನ್ ಹೊಡೆಯಿತು. ಅವರ ಮಾತು ಮುಗಿದಿರಲಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ.