ಬೇಡ ಎಂದವರಿಗೂ ಫ್ರೆಂಚಿನಲ್ಲಿ ಕಾಫಿ

“ಲೈನ್ ಮನೆ ಕೂಲಿಯೋರ ಮಕ್ಕಳು, ಗ್ಯಾರೇಜಿನೋರ ಮಕ್ಕಳು ಫ್ರೆಂಚ್ ಮಾತಾಡೋದಾ? ಆಗೋ ಮಾತಲ್ಲ ಬಿಡು ಮಾರಾಯ” ಎಂದವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸುಬ್ಬಣ್ಣನವರು. ನಾನು ಫ್ರೆಂಚ್ ತೆಗೆದುಕೊಂಡು ಬಿ.ಎ.ಗೆ ಸೇರಿದಾಗಲೂ ಹೀಗೆಯೇ ಅಂದಿದ್ದರು. ನಮ್ಮ ಮನೆಯ ಮೊದಲ ಡಿಗ್ರಿ ನನ್ನದು.

ಎಂಬತ್ತರ ದಶಕ. ಮೂಡಿಗೆರೆಯ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಫ್ರೆಂಚ್ ಕಲಿಸುತ್ತಿದ್ದೆ. ಕ್ಲಾಸಿನೊಳಗೆ ಬೇರೆ ಭಾಷೆ ಆಡುವಂತಿರಲಿಲ್ಲ. ಪಾಂಡಿಚೇರಿಯ ಕಾನ್ವೆಂಟಿನಿಂದ ಫ್ರೆಂಚ್ ಸಿಸ್ಟರ್ ಒಬ್ಬರು ಪರೀಕ್ಷೆ ಮಾಡಲು ಬಂದರು. ಅವರು ಒಪ್ಪದಿದ್ದರೆ ಕ್ಲಾಸೇ ಬಂದ್.

ಅಂದಿನ ಪಾಠ, ಮನೆಗೆ ಬಂದ ಅತಿಥಿ. ಮೆಕ್ಯಾನಿಕ್ ಒಬ್ಬರ ಮಗಳು ರುಕಿಯಾ ಖಾಲಿ ಲೋಟ ಹಿಡಿದು, “ಕಾಫಿ ಕುಡಿಯುತ್ತೀರಾ?” ಎಂದು ಫ್ರೆಂಚಿನಲ್ಲಿ ಕೇಳಿದಳು. “ಬೇಡ, ಥ್ಯಾಂಕ್ಸ್” ಎಂದರು ಸಿಸ್ಟರ್. ಪುಸ್ತಕದ ಪ್ರಕಾರ ಪಾಠ ಅಲ್ಲಿಗೆ ಮುಗಿಯಬೇಕಿತ್ತು. ರುಕಿಯಾ ಬಿಡಬೇಕಲ್ಲ!

“ಸ್ವಲ್ಪ ಕುಡಿಯಿರಿ.”

“ಬೇಡಮ್ಮ, ಈಗಷ್ಟೇ ಕುಡಿದೆ.”

“ಅದು ಅಲ್ಲಿಯ ಕಾಫಿ. ಇದು ನಮ್ಮನೆ ಕಾಫಿ!”

ಎಲ್ಲವೂ ಫ್ರೆಂಚಿನಲ್ಲೇ. ನಾನು ಇದನ್ನು ಕಲಿಸಿರಲಿಲ್ಲ. ಉಳಿದ ಮಕ್ಕಳೂ “ಕುಡಿಯಿರಿ, ಕುಡಿಯಿರಿ” ಎಂದು ದನಿಗೂಡಿಸಿದರು.

ಸಿಸ್ಟರ್ ನನ್ನತ್ತ ತಿರುಗಿ, “ನಿಮ್ಮಲ್ಲಿ ‘ಬೇಡ’ ಅಂದರೆ ಏನರ್ಥ?” ಎಂದರು.

“ಇನ್ನೊಂದು ಸಲ ಕೇಳಿ ಅಂತ” ಎಂದೆ.

ಅವರು ಜೋರಾಗಿ ನಕ್ಕು, ಖಾಲಿ ಲೋಟವನ್ನೇ ಎತ್ತಿ ಕುಡಿದರು. ಆಮೇಲೆ ಪಾಸಾದವರಿಗೆ ಕೊಡುವ ಮೊದಲ ಸರ್ಟಿಫಿಕೇಟನ್ನು ರುಕಿಯಾಳ ಕೈಗಿಟ್ಟರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳ ಅಜ್ಜಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಏನ್ ಮಾತಾಡಿದ್ಲೋ ನಂಗೆ ಒಂದೂ ತಿಳೀಲಿಲ್ಲ ಮೇಷ್ಟ್ರೇ. ಆದ್ರೆ ಬಂದೋರನ್ನ ಹಂಗೇ ಕಳಿಸ್ಲಿಲ್ಲ ನೋಡಿ. ಚೆನ್ನಾಗೇ ಕಲ್ಸಿದೀರಿ.”